ಚಿಕ್ಕವೆಂಕಟಪ್ಪನವರ ಲಂಕಾ ಸೇವೆ

ಬೆಂಗಳೂರು ಹೊರಮಾವಿನ ಚಿಕ್ಕವೆಂಕಟಪ್ಪನವರು ಶ್ರೀಲಂಕಾಕ್ಕೆ ಹೊರಟದ್ದು ಅನುರಾಧಪುರದ ಬೋಧಿವೃಕ್ಷಕ್ಕೆ ಕೈಮುಗಿದು, ಸಮುದ್ರದ ದಂಡೆಯಲ್ಲಿ ಹೆಂಡತಿಯ ಜೊತೆ ಒಂದು ಫೋಟೋ ತೆಗೆಸಿಕೊಂಡು ಬರೋದಕ್ಕೆ. ಅದಕ್ಕಿಂತ ಘನವಾದ ಉದ್ದೇಶ ಏನೂ ಇರಲಿಲ್ಲ. ವಿಮಾನಪುರದ ಕಾರ್ಖಾನೆಯಲ್ಲಿ ವಿಮಾನಗಳಿಗೆ ಬಣ್ಣ ಹೊಡೆಯುವ ಶಾಪಿನಲ್ಲಿ ಸರ್ವೀಸೆಲ್ಲ ಕಳೆದು ರಿಟೈರಾದ ಮನುಷ್ಯ. ಅಷ್ಟೊಂದು ವಿಮಾನಗಳ ಹೊಟ್ಟೆ ಬೆನ್ನು ಸವರಿದ್ದರೂ ಒಂದರೊಳಗೂ ಕೂತು ಹಾರಿರಲಿಲ್ಲ. ಬ್ಯಾಂಕಿನಲ್ಲಿ ಕೆಲಸಕ್ಕಿರುವ ಮಗಳು ಹೇಮಶ್ರೀಗೆ ಇದೊಂದು ಕೊರಗಾಗಿತ್ತು. ಅವಳೇ ಅಪ್ಪ ಅಮ್ಮನಿಗೆ ಪಾಸ್‌ಪೋರ್ಟ್ ಮಾಡಿಸಿ, ಮಾರ್ಚ್ ತಿಂಗಳಿಗೆ ಟಿಕೆಟ್ ತೆಗೆದಳು.

ಇಲ್ಲಿಯವರೆಗೆ ಎಲ್ಲ ಸರಿಯಾಗಿತ್ತು. ಕೆಡಿಸಿದವನು ಎದುರು ಮನೆಯ ಮುನಿರಾಜ್. ಊರಿನ ಹಳೇ ಜಮೀನುದಾರರ ಮಗ. ಅವನು ಆಗಷ್ಟೇ ಥಾಯ್ಲೆಂಡಿಗೆ ಹೋಗಿಬಂದಿದ್ದ. ಬಂದವನು ಹೂವಿನ ಚಿತ್ರದ ಶರಟು ಹಾಕಿಕೊಂಡು, ಗೇಟಿಗೆ ಒರಗಿ ನಿಂತು, ತರಕಾರಿ ಗಾಡಿಯವನಿಂದ ಹಿಡಿದು ಎಲ್ಲರಿಗೂ ಅಲ್ಲಿಯ ಸಮುದ್ರದ ಬಣ್ಣ ವರ್ಣಿಸುತ್ತಿದ್ದ. ಆ ವರ್ಣನೆ ಇನ್ನೂ ಮುಗಿಯದೆ ಇದ್ದಾಗಲೇ, ಚಿಕ್ಕವೆಂಕಟಪ್ಪನವರ ಮಹಡಿಯಲ್ಲಿ ಬಾಡಿಗೆಗಿದ್ದ ನರ್ಸ್ ಶೀಬಾ ಡ್ಯೂಟಿ ಮುಗಿಸಿ ಬಂದು, ಮೆಟ್ಟಿಲ ಹತ್ತಿರ ನಿಂತು ಕೇಳಿದಳು.

"ಅಂಕಲ್, ನೀವೂ ಟೂರ್ ಹೊರಟ್ರಂತೆ?"

ಆ 'ನೀವೂ' ಅನ್ನುವುದರ ಕೊನೆಯ ದೀರ್ಘ ಚಿಕ್ಕವೆಂಕಟಪ್ಪನವರಿಗೆ ಚುಚ್ಚಿತು. ಎದುರು ಗೇಟಿನಲ್ಲಿ ಹೂವಿನ ಶರಟು ಕಿವಿ ನಿಮಿರಿಸಿದ್ದೂ ಕಾಣಿಸಿತು.

"ಟೂರ್ ಅಲ್ಲಮ್ಮ," ಅಂದರು, ಸ್ವಲ್ಪ ಜೋರಾಗಿಯೇ. "ಮಜಾ ಮಾಡೋಕೆ ಹೋಗೋರು ಬೇರೆ ಇದಾರೆ. ಅಲ್ಲಿ ಜನಕ್ಕೆ ಹಾಲಿನ ಪುಡಿ ಸಿಗ್ತಿಲ್ಲ. ಸೋಪು ಸಿಗ್ತಿಲ್ಲ. ಮಕ್ಕಳಿಗೆ ಬರೆಯೋಕೆ ನೋಟ್‌ಬುಕ್ಕಿಲ್ಲ. ಕೈಲಾದಷ್ಟು ತಗೊಂಡ್ಹೋಗಿ ಕೊಟ್ಟು ಬರೋಣ ಅಂತ. ಸೇವೆ."

ಶ್ರೀಲಂಕಾದಲ್ಲಿ ಇವೆಲ್ಲ ಸಿಗದೆ ಜನ ಒದ್ದಾಡಿದ್ದು ಸುಳ್ಳಲ್ಲ. ಎರಡು ವರ್ಷದ ಹಿಂದೆ ಟಿವಿಯಲ್ಲಿ ದಿನಾ ಬರುತ್ತಿತ್ತು. ಆಮೇಲೆ ಟಿವಿಯವರು ಬೇರೆ ಸುದ್ದಿಗೆ ಹೋದರು. ಚಿಕ್ಕವೆಂಕಟಪ್ಪನವರು ಹೋಗಲಿಲ್ಲ.

ಶೀಬಾ ಕರಗಿಬಿಟ್ಟಳು. "ಅಂಕಲ್, ಎಷ್ಟು ಒಳ್ಳೆ ಮನಸ್ಸು ನಿಮ್ದು!" ಅಂದವಳು ಮೆಟ್ಟಿಲು ಹತ್ತುತ್ತಲೇ ಬೀದಿಯ ವಾಟ್ಸಾಪ್ ಗ್ರೂಪಿಗೆ ಸುದ್ದಿ ಹಾಕಿದಳು. ಒಳಗೆ ಪಲ್ಯಕ್ಕೆ ಒಗ್ಗರಣೆ ಹಾಕುತ್ತಿದ್ದ ಹೆಂಡತಿ ಮುನಿಲಕ್ಷ್ಮಮ್ಮ ಸೌಟು ಹಿಡಿದೇ ಆಚೆ ಬಂದರು.

"ಏನ್ರೀ, ಯಾವಾಗಿಂದ ಸೇವೆ? ನಿನ್ನೆವರ್ಗೂ ಬೀಚು ಅಂತಿದ್ರಿ."

"ಬೀಚೂ ಐತೆ. ಅದ್ರ ಪಕ್ಕದಲ್ಲೇ ಸೇವೆ," ಅಂದರು ಚಿಕ್ಕವೆಂಕಟಪ್ಪ.

ಮಾರನೆಯ ಬೆಳಗ್ಗೆಯಿಂದ ಸಾಮಾನು ಬರತೊಡಗಿತು. ಹೊರಮಾವಿನ ಜನ ಇಷ್ಟು ಉದಾರಿಗಳು ಅಂತ ಹೊರಮಾವಿನವರಿಗೇ ಗೊತ್ತಿರಲಿಲ್ಲ. ಶೀಬಾ ತಂದದ್ದು ನಿಜಕ್ಕೂ ಒಳ್ಳೆಯ ಹಾಲಿನ ಪುಡಿಯ ಪ್ಯಾಕೆಟ್ಟುಗಳು, ಹೊಸ ನೋಟ್‌ಬುಕ್ಕುಗಳು. ಉಳಿದವರು ಮಾತ್ರ ತಮ್ಮ ಮನೆಯ ಅಟ್ಟ ಒಮ್ಮೆ ನೋಡಿ, ಆಮೇಲೆ ಲಂಕೆಯ ಬಡವರನ್ನು ನೆನೆಸಿಕೊಂಡರು. ಒಂದು ಕೇರಂ ಬೋರ್ಡು ಬಂತು, ಕಾಯಿಗಳಿಲ್ಲದೆ. ಮದುವೆಯಲ್ಲಿ ಉಡುಗೊರೆಯಾಗಿ ಸಿಕ್ಕ ಗೋಡೆ ಗಡಿಯಾರಗಳು ಬಂದವು. ಎಲ್ಲದರ ಮೇಲೂ ಯಾರೋ ಮದುಮಕ್ಕಳ ಹೆಸರು. ಸಣ್ಣಗಾಗಲು ಕೊಂಡ ಬೆಲ್ಟು ಒಂದು, ಕೊಟ್ಟವರು ಸಣ್ಣಗಾಗಿರಲಿಲ್ಲ.

ಮುನಿರಾಜ್ ಬಂದದ್ದು ಸಂಜೆ. ಹೆಗಲ ಮೇಲೆ ಒಂದು ಮೂಟೆ.

"ಚಿಕ್ಕಣ್ಣ, ಸೇವೆಗೆ ನಮ್ದೂ ಇರ್ಲಿ. ಎಲ್ಲಾ ಉಲ್ಲನ್ದು. ಸ್ವೆಟರು, ಜರ್ಕಿನ್ನು, ಮಂಕಿ ಕ್ಯಾಪು. ಪ್ಯೂರ್ ಉಲ್ಲನ್."

"ಅಲ್ಲಿ ಸೆಕೆ ಅಲ್ವೇನೋ ಮುನಿರಾಜ?"

"ಸೆಕೆ ಇದ್ರೆ ಏನಣ್ಣ, ಬಡವರಿಗೆ ಚಳಿ ಇರಲ್ವಾ? ಕೊಡುವಾಗ ಒಂದು ಫೋಟೋ ಕಳ್ಸು. ಗ್ರೂಪಿಗೆ ಹಾಕ್ಬೇಕು."

ಮೂಟೆ ಒಳಗೆ ಹೋಯಿತು. ಅದನ್ನೆಲ್ಲ ತುಂಬುವ ಬ್ಯಾಗು ಮನೆಯಲ್ಲಿರಲಿಲ್ಲವಾಗಿ ಟಿನ್ ಫ್ಯಾಕ್ಟರಿ ಸ್ಟಾಪಿನಿಂದ ಬಸ್ಸು ಹತ್ತಿ ಶಿವಾಜಿನಗರಕ್ಕೆ ಹೋದರು. ಕಾರ್ಖಾನೆಯಲ್ಲಿ ಜೊತೆಗಿದ್ದ ಇನಾಯತ್ ಉಲ್ಲಾ ರಿಟೈರಾದ ಮೇಲೆ ತಮ್ಮನ ಬ್ಯಾಗಿನ ಅಂಗಡಿಯಲ್ಲಿ ಕೂರುತ್ತಿದ್ದ. ಅವನು ವಿಷಯ ಕೇಳಿ ಕನ್ನಡಕ ಹಣೆಗೇರಿಸಿದ.

"ಲಂಕಾಕ್ಕೆ ಸ್ವೆಟರಾ? ಅರೆ ಭಾಯ್, ನೀನು ಪೇಂಟ್ ಶಾಪಲ್ಲಿ ತಿನ್ನರ್ ವಾಸನೆ ಜಾಸ್ತಿ ಕುಡ್ದಿದೀಯ."

"ಕೊಟ್ಟಿದ್ದಾರಪ್ಪ. ಬೇಡ ಅನ್ನೋಕಾಗುತ್ತಾ?"

"ಬೇಡ ಅನ್ನು. ಎರಡಕ್ಷರ. ಬರ್ತದಲ್ಲ ಬಾಯಿಗೆ?"

ಬರಲಿಲ್ಲ. ಅಂಗಡಿಯಲ್ಲಿದ್ದ ಅತಿ ದೊಡ್ಡ ಬ್ಯಾಗುಗಳನ್ನು ಕೊಂಡು, ಆಟೋದಲ್ಲಿ ಅವುಗಳ ಪಕ್ಕದಲ್ಲಿ ಅರ್ಧ ಕೂತು ಅರ್ಧ ನೇತಾಡಿಕೊಂಡು ಚಿಕ್ಕವೆಂಕಟಪ್ಪ ಮನೆ ಸೇರಿದರು. ಸೇವೆಯ ಸಾಮಾನು ತುಂಬಿದ ಮೇಲೆ ಮುನಿಲಕ್ಷ್ಮಮ್ಮನವರ ರೇಷ್ಮೆ ಸೀರೆಗೆ ಜಾಗ ಉಳಿಯಲಿಲ್ಲ. ಆಕೆ ಒಂದು ಮಾತೂ ಆಡಲಿಲ್ಲ. ಆಡದೆ ಇದ್ದದ್ದನ್ನು ಚಿಕ್ಕವೆಂಕಟಪ್ಪ ಸಮ್ಮತಿ ಅಂತ ತಿಳಿದರು.

ಏರ್‌ಪೋರ್ಟಿನ ಕೌಂಟರಿನಲ್ಲಿ ಬ್ಯಾಗುಗಳನ್ನು ತೂಕಕ್ಕಿಟ್ಟಾಗ ಅಲ್ಲಿದ್ದ ಹುಡುಗಿ ಮಷೀನನ್ನೊಮ್ಮೆ, ಇವರನ್ನೊಮ್ಮೆ ನೋಡಿದಳು. "ಸರ್, ಜಾಸ್ತಿ ಇದೆ. ಏನಾದ್ರೂ ತೆಗೀಬೇಕು."

"ಆ ಮುನಿರಾಜಂದು ಉಲ್ಲನ್ ಇಲ್ಲೇ ಬಿಸಾಕ್ರಿ," ಅಂದರು ಮುನಿಲಕ್ಷ್ಮಮ್ಮ.

"ಫೋಟೋ ಕೇಳ್ತಾನೆ ಕಣೆ."

ಹೀಗಾಗಿ ಉಲ್ಲನ್ನು ಬ್ಯಾಗಿನಿಂದ ಹೊರಬಂದು ಚಿಕ್ಕವೆಂಕಟಪ್ಪನವರ ಮೈಮೇಲೆ ಹೋಯಿತು. ಸ್ವೆಟರಿನ ಮೇಲೆ ಸ್ವೆಟರು, ಅದರ ಮೇಲೆ ಜರ್ಕಿನ್ನು, ತಲೆಗೆ ಮಂಕಿ ಕ್ಯಾಪು. ಮಿಕ್ಕಿದ್ದನ್ನು ಹೆಂಡತಿಗೆ ಕೊಡಲು ಹೋದರು. ಆಕೆ ನೋಡಿದ ನೋಟಕ್ಕೆ ಅದನ್ನೂ ತಾವೇ ಹಾಕಿಕೊಂಡರು. ಜೀವನದ ಮೊದಲ ವಿಮಾನ ಪ್ರಯಾಣವನ್ನು ಅವರು ಕೈ ಮಡಚಲಾಗದೆ, ಎರಡೂ ತೋಳು ದೂರಕ್ಕೆ ಚಾಚಿಕೊಂಡು ಮಾಡಿದರು. ಪಕ್ಕದವರು ಎದ್ದು ಬೇರೆ ಸೀಟಿಗೆ ಹೋದರು.

ಕೊಲಂಬೊದಲ್ಲಿ ಇಳಿದಾಗ ನಡುಮಧ್ಯಾಹ್ನ. ಬೆವರು ಸುರಿಸುತ್ತ, ಕೆಂಪೇರಿದ ಮುಖ ಹೊತ್ತು, ಮಂಕಿ ಕ್ಯಾಪಿನಲ್ಲಿ ಬಂದ ಪ್ರಯಾಣಿಕನನ್ನು ನೋಡಿ ಅಲ್ಲಿಯ ಆರೋಗ್ಯ ತಪಾಸಣೆಯ ಹೆಂಗಸು ಎದ್ದೇ ಬಂದಳು. ಹಣೆಗೆ ಮಷೀನು ಹಿಡಿದಳು. ಚಳಿ ಬರುತ್ತಾ, ಮೈ ನಡುಕ ಇದೆಯಾ, ಯಾವ ಊರಿಂದ ಬಂದಿರಿ ಅಂತ ಇಂಗ್ಲಿಷಿನಲ್ಲಿ ಒಂದೇ ಸಮ ಕೇಳಿದಳು. ಗಂಡನಿಗಿಂತ ಮೊದಲು ಮುನಿಲಕ್ಷ್ಮಮ್ಮನೇ ಅಚ್ಚ ಕನ್ನಡದಲ್ಲಿ ಉತ್ತರಿಸಿದರು.

"ಜ್ವರ ಅಲ್ಲಮ್ಮ. ಸೇವೆ."

ಆಕೆಗೆ ಏನು ತಿಳಿಯಿತೋ. ಒಂದೊಂದೇ ಸ್ವೆಟರು ಬಿಚ್ಚಿಸಿ, ಫ್ಯಾನಿನ ಕೆಳಗೆ ಕೂರಿಸಿ, ನೀರು ಕುಡಿಸಿ, ಮೈ ತಣ್ಣಗಾದ ಮೇಲೆ ಕಳಿಸಿಕೊಟ್ಟಳು. ಹಾಗೆ ಶ್ರೀಲಂಕಾದ ನೆಲದ ಮೇಲೆ ಮೊದಲು ಉಪಚಾರ ಪಡೆದವರು ಚಿಕ್ಕವೆಂಕಟಪ್ಪನವರೇ ಆದರು.

ಹೊರಗೆ ಡ್ರೈವರ್ ಜಗನ್ ಕಾಯುತ್ತಿದ್ದ. ಹಟನ್ ಕಡೆಯ ಟೀ ತೋಟದ ತಮಿಳಿನವನು, ಸಿಂಹಳವೂ ಬರುತ್ತಿತ್ತು. ಚಿಕ್ಕವೆಂಕಟಪ್ಪನವರಿಗೆ ಹಲಸೂರು ಬಜಾರಿನ ತಮಿಳು ನೀರು ಕುಡಿದಷ್ಟು ಸುಲಭ. ವ್ಯಾನು ಹತ್ತುತ್ತಲೇ ಕೇಳಿದರು: "ತಂಬಿ, ಇಲ್ಲಿ ಹಾಲಿನ ಪುಡಿಗೆ ಕಷ್ಟಪಡ್ತಿರೋ ಜನ ಎಲ್ಲಿ ಸಿಗ್ತಾರೆ?"

ಜಗನ್, ಹಾಲಿನ ಪುಡಿ ಬೇಕು ಅಂತ ಕೇಳಿದ್ದಾರೆ ಅಂದುಕೊಂಡು, ಒಂದು ದೊಡ್ಡ ಅಂಗಡಿಯ ಮುಂದೆ ನಿಲ್ಲಿಸಿದ. ಒಳಗೆ ಹಾಲಿನ ಪುಡಿ ಗೋಡೆಯುದ್ದಕ್ಕೂ ಜೋಡಿಸಿತ್ತು. ಸೋಪೂ ಇತ್ತು. ನೋಟ್‌ಬುಕ್ಕುಗಳ ಮೇಲೆ ಡಿಸ್ಕೌಂಟ್ ಇತ್ತು. ಚಿಕ್ಕವೆಂಕಟಪ್ಪ ಒಂದು ಪ್ಯಾಕೆಟ್ ಎತ್ತಿ, ರೇಟು ನೋಡಿ, ಮತ್ತೆ ಅಲ್ಲೇ ಇಟ್ಟರು.

"ಕಷ್ಟ ಇತ್ತು ಅಣ್ಣಾಚ್ಚಿ," ಅಂದ ಜಗನ್. "ಈಗಲೂ ರೇಟು ಜಾಸ್ತಿನೇ. ಆದ್ರೆ ಸಾಮಾನು ಬಂತು. ನೀವು ಸ್ವಲ್ಪ ಲೇಟು."

ಲೇಟಾದರೂ ತಂದದ್ದನ್ನು ಕೊಡಲೇಬೇಕಿತ್ತು. ಅನುರಾಧಪುರದ ದಾರಿಯಲ್ಲಿ ಎಳನೀರು ಮಾರುವ ಮುದುಕಿಯೊಬ್ಬಳು ಸಿಕ್ಕಳು. ಹರಿದ ಕುಪ್ಪಸ, ಬರಿಗಾಲು. ಚಿಕ್ಕವೆಂಕಟಪ್ಪನವರ ಕಣ್ಣು ಮಿಂಚಿತು. ಇಳಿದು ಹೋಗಿ, ಎರಡೂ ಕೈಯಲ್ಲಿ ಒಂದು ಹಾಲಿನ ಪುಡಿ ಪ್ಯಾಕೆಟ್ ಒಪ್ಪಿಸಿ, ಫೋಟೋಕ್ಕೆ ನಿಂತರು. ಮುದುಕಿ ಪ್ಯಾಕೆಟ್ ತಿರುಗಿಸಿ ನೋಡಿ ಸಂತೋಷಪಟ್ಟು, ಒಂದು ಇಡೀ ಗೊನೆ ಕೆಂದೆಳನೀರು ಎತ್ತಿ ವ್ಯಾನಿನಲ್ಲಿಟ್ಟಳು. ಬೇಡ ಅಂದರೆ ಅಳುವ ಹಾಗಾದಳು. ಮುಂದೆ ಒಂದು ಹಳ್ಳಿಯ ಕಟ್ಟೆಯ ಮೇಲೆ ಕೂತಿದ್ದ ಮುದುಕನಿಗೆ ಗೋಡೆ ಗಡಿಯಾರ ಕೊಟ್ಟರು. ಅವನು ಮನೆಗೆ ಕರೆದುಕೊಂಡು ಹೋದ. ಮನೆ ಇವರ ಮನೆಗಿಂತ ದೊಡ್ಡದಿತ್ತು. ಊಟ ಹಾಕಿಸಿ, ಹಲಸಿನ ಹಣ್ಣು ಹೊರಿಸಿ ಕಳಿಸಿದ. ಇವರು ಒಂದು ಕೊಟ್ಟರೆ ಅವರು ಎರಡು ಕೊಡುತ್ತಿದ್ದರು. ಸಂಜೆಯ ಹೊತ್ತಿಗೆ ಮುನಿಲಕ್ಷ್ಮಮ್ಮ ಕಾಲಿಡಲು ಜಾಗವಿಲ್ಲದೆ ಹಲಸಿನ ಹಣ್ಣಿನ ಮೇಲೆ ಕಾಲಿಟ್ಟುಕೊಂಡು ಕೂತಿದ್ದರು.

"ಇನ್ನು ಸ್ವಲ್ಪ ಸೇವೆ ಮಾಡಿದ್ರೆ," ಅಂದರು, "ನಾವು ವ್ಯಾನಿನ ಹಿಂದೆ ನಡ್ಕೊಂಡು ಬರ್ಬೇಕಾಗುತ್ತೆ."

ಜಗನ್‌ಗೇ ಪಾಪ ಅನಿಸಿತು. ಮಾರನೆಯ ದಿನ ತನಗೆ ಗೊತ್ತಿದ್ದ ಒಂದು ಹಳ್ಳಿಯ ವಿಹಾರಕ್ಕೆ ಕರೆದೊಯ್ದ. ಕೆರೆಯ ಪಕ್ಕದ ಸಣ್ಣ ವಿಹಾರ. ಅಂದು ಭಾನುವಾರ, ಬಿಳಿ ಬಟ್ಟೆಯ ಮಕ್ಕಳು ಪಾಠಕ್ಕೆ ಬಂದಿದ್ದರು, ಅವರ ಜೊತೆ ದೊಡ್ಡವರೂ. ವಯಸ್ಸಾದ ಬೌದ್ಧ ಭಿಕ್ಷು ಭಂತೇಜಿ ಹೊರಗೆ ಬಂದು, ವಿಷಯ ಕೇಳಿ, ನಗದೆ, ಕೇರಂ ಬೋರ್ಡನ್ನೂ ಸೇರಿಸಿ ಎಲ್ಲವನ್ನೂ ಒಂದು ಚಾಪೆಯ ಮೇಲೆ ಇಡಿಸಿಕೊಂಡರು. ನೋಟ್‌ಬುಕ್ಕು ಮಕ್ಕಳ ಕೈಗೆ ಹೋಯಿತು. ಹಾಲಿನ ಪುಡಿ ಅಡುಗೆ ಮನೆಗೆ. ಉಲ್ಲನ್ನನ್ನು ಕೈಯಲ್ಲಿ ಮುಟ್ಟಿ ನೋಡಿ, ಬೆಟ್ಟದ ಮೇಲಿನ ಟೀ ತೋಟಗಳಲ್ಲಿ ಬಹಳ ಚಳಿ, ಅಲ್ಲಿಯ ವಿಹಾರಕ್ಕೆ ಕಳಿಸುತ್ತೇನೆ ಅಂದರು. ತಂದ ಸಾಮಾನಿನಲ್ಲಿ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಮುನಿರಾಜನ ಸ್ವೆಟರು ಅನ್ನುವುದು ಚಿಕ್ಕವೆಂಕಟಪ್ಪನವರಿಗೆ ಜೀರ್ಣವಾಗಲು ಹೊತ್ತು ಹಿಡಿಯಿತು.

ಆದರೂ ಮನಸ್ಸು ತುಂಬಿತ್ತು. ಕೊನೆಗೂ ಕೊಟ್ಟದ್ದನ್ನು ಸುಮ್ಮನೆ ತೆಗೆದುಕೊಳ್ಳುವ ಜನ ಸಿಕ್ಕಿದ್ದರು. ಅಷ್ಟರಲ್ಲಿ ಭಂತೇಜಿ ಕೇಳಿದರು, ಯಾವ ಊರು?

"ಬೆಂಗಳೂರು," ಅಂದರು ಚಿಕ್ಕವೆಂಕಟಪ್ಪ, ಎದೆ ಸ್ವಲ್ಪ ಮುಂದೆ ಮಾಡಿ.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬಾಕೆ ಮುನಿಲಕ್ಷ್ಮಮ್ಮನವರ ಕೈ ಹಿಡಿದುಕೊಂಡಳು. ಇನ್ನೊಬ್ಬಾಕೆ ಓಡಿಹೋಗಿ ಒಂದು ಚೊಂಬು ನೀರು ತಂದಿಟ್ಟಳು.

"ಏನಂತೆ?" ಅಂದರು ಚಿಕ್ಕವೆಂಕಟಪ್ಪ.

ಜಗನ್ ಕತ್ತು ಕೆರೆದುಕೊಂಡ. "ನಿಮ್ಮೂರಲ್ಲಿ ನೀರೇ ಇಲ್ವಂತೆ ಅಣ್ಣಾಚ್ಚಿ. ಇಲ್ಲಿ ಟಿವೀಲಿ ದಿನಾ ತೋರಿಸ್ತಾವ್ರೆ. ಜನ ಕೊಡ ಹಿಡ್ಕೊಂಡು ಕ್ಯೂ ನಿಂತಿರೋದು, ಬೋರ್‌ವೆಲ್ ಒಣಗಿರೋದು. ಇಂಥಾ ಕಷ್ಟದಲ್ಲೂ ನಮಗೆ ತಂದುಕೊಟ್ರಲ್ಲ ಅಂತ ಅವ್ರಿಗೆ ದುಃಖ."

"ಛೆ ಛೆ, ಟಿವಿಯವ್ರು ಯಾವಾಗ್ಲೂ ಹಿಂಗೇ ಕಣಪ್ಪ! ಎಲ್ಲೋ ಒಂದು ಕಡೆ ಆಗಿದ್ದನ್ನ ಊರಿಗೆಲ್ಲಾ ಹಚ್ತಾರೆ. ನಮ್ಮ ಹೊರಮಾವಲ್ಲಿ ಕೆರೆ ಐತೆ. ನಮ್ಮನೆ ಬೋರು ಅಂದ್ರೆ, ಯುಗಾದಿಗೂ ನಿಲ್ಲಲ್ಲ, ಶ್ರಾವಣಕ್ಕೂ ನಿಲ್ಲಲ್ಲ. ಹೇಳು ಅವ್ರಿಗೆ."

ಜಗನ್ ಹೇಳುತ್ತಿದ್ದ. ಅರ್ಧ ಹೇಳಿರಬೇಕು, ಚಿಕ್ಕವೆಂಕಟಪ್ಪನವರ ಫೋನು ಹೊಡೆದುಕೊಂಡಿತು. ಹೇಮಶ್ರೀ ವೀಡಿಯೊ ಕಾಲ್ ಮಾಡಿದ್ದಳು. ಮಗಳಿಗೂ ವಿಹಾರ ತೋರಿಸೋಣ ಅಂತ ಅವರು ಫೋನು ಎತ್ತಿ ಹಿಡಿದರು.

"ಅಪ್ಪಾ! ಬೋರು ನಿಂತ್ಹೋಯ್ತು! ನೀವು ಹೋದ ದಿನಾನೇ. ನೀರಿಲ್ಲ, ಒಂದು ತೊಟ್ಟೂ ಇಲ್ಲ! ಟ್ಯಾಂಕರಿನವ್ರು ಫೋನೇ ಎತ್ತಲ್ಲ. ಶೀಬಕ್ಕ ಆಸ್ಪತ್ರೇಲೇ ಸ್ನಾನ ಮಾಡ್ಕೊಂಡು ಬರ್ತಾವ್ಳೆ. ಬೀದಿಯೋರೆಲ್ಲಾ ಬಕೆಟ್ ಹಿಡ್ಕೊಂಡು ನಿಂತವ್ರೆ, ನೋಡಿ ಬೇಕಾದ್ರೆ—" ಅಂತ ಅವಳು ಕ್ಯಾಮೆರಾ ಬೀದಿಗೆ ತಿರುಗಿಸಿಯೇಬಿಟ್ಟಳು. ಬಕೆಟ್ಟುಗಳ ಸಾಲು ಕಾಣಿಸಿತು.

ಜಗನ್‌ಗೆ ಕನ್ನಡ ಬರುತ್ತಿರಲಿಲ್ಲ. ಆದರೆ 'ನೀರು', 'ಇಲ್ಲ' ಅನ್ನುವ ಎರಡು ಮಾತು ಗೊತ್ತಾಗಲು ತಮಿಳು ಧಾರಾಳವಾಗಿ ಸಾಕು. ಮಿಕ್ಕಿದ್ದನ್ನು ಬಕೆಟ್ಟುಗಳು ಹೇಳಿದವು. ಅವನು ಶುರು ಮಾಡಿದ್ದ ಅನುವಾದವನ್ನು ನಡುವೆಯೇ ಬಿಟ್ಟು, ಹೊಸದಾಗಿ ಒಂದು ಚಿಕ್ಕ ವಾಕ್ಯ ಹೇಳಿದ. ಅದನ್ನು ಕೇಳಿ ವಿಹಾರಕ್ಕೆ ವಿಹಾರವೇ 'ಅಯ್ಯೋ' ಅಂದಿತು. ಅಯ್ಯೋ ಅನ್ನುವುದಕ್ಕೆ ಸಿಂಹಳದಲ್ಲೂ ಅಯ್ಯೋ ಅಂತಲೇ ಅನ್ನುತ್ತಾರೆ ಅಂತ ಚಿಕ್ಕವೆಂಕಟಪ್ಪನವರಿಗೆ ಅವತ್ತು ತಿಳಿಯಿತು.

ಮಧ್ಯಾಹ್ನದ ಹೊತ್ತಿಗೆ ಹಳ್ಳಿಯ ಮನೆಮನೆಯಿಂದ ಸಾಮಾನು ಬರತೊಡಗಿತು. ಮುಚ್ಚಳದ ನೀರಿನ ಕ್ಯಾನುಗಳು, ಒಂದರೊಳಗೊಂದು ಕೂರುವ ಬಕೆಟ್ಟುಗಳು. ಯಾವುದೂ ಅಟ್ಟದಿಂದ ಬಂದದ್ದಲ್ಲ. ಕೆಲವಕ್ಕೆ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿತ್ತು. ಚಿಕ್ಕವೆಂಕಟಪ್ಪ ಎರಡೂ ಕೈ ಅಲ್ಲಾಡಿಸಿದರು. ನಮಗೆ ಯಾರೂ ಕೊಡಬೇಕಾಗಿಲ್ಲ, ನಾವು ಕೊಡೋದಕ್ಕೆ ಬಂದವರು, ದಯವಿಟ್ಟು ತಪ್ಪು ತಿಳಿಯಬೇಡಿ ಅಂದರು. ಜಗನ್ ಅದನ್ನು ಭಂತೇಜಿಗೆ ತಿಳಿಸಿದ. ಭಂತೇಜಿ ಮೆಲ್ಲಗೆ ಏನೋ ಅಂದರು.

"ನೀವು ಕೊಟ್ಟಾಗ ನಾವು ತಗೊಂಡ್ವಿ, ಅಲ್ವಾ ಅಂತ ಕೇಳ್ತಾವ್ರೆ," ಅಂದ ಜಗನ್. "ಕೇರಂ ಬೋರ್ಡ್ ಕೂಡಾ."

ಮುನಿಲಕ್ಷ್ಮಮ್ಮ ಗಂಡನನ್ನು ಪಕ್ಕಕ್ಕೆ ಸರಿಸಿ, ಸೆರಗು ಸರಿಮಾಡಿಕೊಂಡು, ಭಂತೇಜಿಗೆ ಅಡ್ಡಬಿದ್ದು ಎದ್ದು, ಮೊದಲ ಕ್ಯಾನು ಕೈಗೆ ತೆಗೆದುಕೊಂಡರು.

"ಕೊಡಿ ತಾಯಿ," ಅಂದರು. "ಮನೇಲಿ ಮಗಳು ಒಬ್ಳೇ ಅವ್ಳೆ. ಇವ್ರಿಗೆ ಮಾನ ಹೋಗುತ್ತೆ ಅಂತ ನಾವು ಮೈ ತೊಳೀದೆ ಇರೋಕಾಗುತ್ತಾ?"

ವಾಪಸು ಬರುವಾಗ ಬೀಚೂ ನೋಡಲಿಲ್ಲ. ಬ್ಯಾಗುಗಳು ಹೋದದ್ದಕ್ಕಿಂತ ದಪ್ಪವಾಗಿ ಹಿಂದಿರುಗಿದವು. ಬೆಂಗಳೂರಿನ ಏರ್‌ಪೋರ್ಟಿನಲ್ಲಿ ಕಸ್ಟಮ್ಸಿನವರು ಬ್ಯಾಗು ತೆರೆಸಿದರು. ಫಾರಿನ್ನಿನಿಂದ ಬಂದವರ ಬ್ಯಾಗಿನಲ್ಲಿ ಅವರು ಏನೇನೋ ನೋಡಿದ್ದರು. ಖಾಲಿ ಬಕೆಟ್ಟು ನೋಡಿರಲಿಲ್ಲ.

"ಏನ್ರೀ ಇದು?"

ಚಿಕ್ಕವೆಂಕಟಪ್ಪ ನೆಲ ನೋಡಿದರು. "ಬೆಂಗ್ಳೂರಿನ ಬಡವರಿಗೆ ಅಂತ ಶ್ರೀಲಂಕಾದೋರು ಕೊಟ್ಟಿದ್ದು ಸಾರ್."

ಆಫೀಸರು ಒಂದು ಬಕೆಟ್ಟನ್ನು ಎತ್ತಿ, ಒಳಗೆ ಇಣುಕಿ, ಅದರ ತಳ ತಟ್ಟಿ ನೋಡಿದರು. ಆಮೇಲೆ ನಿಟ್ಟುಸಿರು ಬಿಟ್ಟು ಅದನ್ನು ಅದರ ಜಾಗದಲ್ಲೇ ಇಟ್ಟರು. "ನಮ್ಮನೇಲೂ ಬೋರು ನಿಂತು ವಾರ ಆಯ್ತು. ಹೋಗಿ ಯಜಮಾನ್ರೆ, ಹೋಗಿ."

ಬೀದಿಗೆ ಟ್ಯಾಕ್ಸಿ ಬಂದು ನಿಂತಾಗ ಟ್ಯಾಂಕರು ಬರುತ್ತದೆ ಅಂತ ಜನವೆಲ್ಲ ಆಚೆಯೇ ನಿಂತಿದ್ದರು. ನೀರಿಗಿಂತ ಪಾತ್ರೆಗೆ ಆಗ ಬರ. ಟ್ಯಾಂಕರು ಬಂದರೆ ನಿಲ್ಲುವುದು ಸ್ವಲ್ಪ ಹೊತ್ತು, ಅಷ್ಟರಲ್ಲಿ ಯಾರ ಹತ್ತಿರ ಹೆಚ್ಚು ಪಾತ್ರೆ ಇದೆಯೋ ಅವರೇ ಶ್ರೀಮಂತರು. ಅಂಗಡಿಗಳಲ್ಲಿ ಕ್ಯಾನು ಮುಗಿದಿದ್ದವು. ಹೀಗಿರುವಾಗ ಚಿಕ್ಕವೆಂಕಟಪ್ಪನವರ ಬ್ಯಾಗಿನಿಂದ ಒಂದೊಂದಾಗಿ ಹೊರಬಿದ್ದ ಕ್ಯಾನುಗಳನ್ನು ಬೀದಿಯ ಜನ ನೋಡಿದ ನೋಟ ಹೇಳಿ ಮುಗಿಯುವಂಥದ್ದಲ್ಲ.

"ಫಾರಿನ್ ಕ್ಯಾನು," ಅಂದರು ಚಿಕ್ಕವೆಂಕಟಪ್ಪ ಮೆಲ್ಲಗೆ. "ಅಲ್ಲಿ ಕ್ವಾಲಿಟಿ ಚೆನ್ನಾಗಿತ್ತು, ತಂದೆ." ಸುಳ್ಳು ಅಲ್ಲಿಗೆ ನಿಂತಿದ್ದರೆ ಅವರ ಮಾನ ಉಳಿಯುತ್ತಿತ್ತು. ಅಷ್ಟರಲ್ಲಿ ಅವರ ಫೋನಿಗೆ ಜಗನ್‌ನ ವೀಡಿಯೊ ಕಾಲ್ ಬಂತು. ಹೇಮಶ್ರೀ ಎತ್ತಿದಳು. ಅವನ ಹಿಂದೆ ಹಳ್ಳಿಗೆ ಹಳ್ಳಿಯೇ ನಿಂತಿತ್ತು.

"ಅಣ್ಣಾಚ್ಚಿ, ಸಾಮಾನು ಬಡವರಿಗೆ ಮುಟ್ಟಿತಾ ಅಂತ ಕೇಳ್ತಾವ್ರೆ. ಅವ್ರನ್ನ ಒಂದ್ಸಲ ನೋಡ್ಬೇಕಂತೆ."

ಹೊರಮಾವಿನ ಬೀದಿಯಲ್ಲಿ ತಮಿಳು ತಿಳಿಯದವರು ಯಾರೂ ಇರಲಿಲ್ಲ. ಎಲ್ಲರಿಗೂ ಏಕಕಾಲಕ್ಕೆ ಅರ್ಥವಾಯಿತು. ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದರು. ಮತ್ತೆ ಕ್ಯಾನುಗಳನ್ನು ನೋಡಿ ಅರ್ಧ ಹೆಜ್ಜೆ ಮುಂದೆ ಬಂದರು.

"ಯಾರ್ ಗುರು ಬಡವರು?" ಅಂದ ಮುನಿರಾಜ್. "ನನ್ನ ಮುಖ ಬರ್ಬಾರ್ದು. ಕ್ಯಾನ್ ಹಿಡ್ದಿರೋ ಕೈ ಮಾತ್ರ ತೋರ್ಸು."

"ಕೈ ತೋರ್ಸಿದ್ರೆ ಉಂಗುರ ಕಾಣುತ್ತೆ," ಅಂದಳು ಹೇಮಶ್ರೀ.

ಆ ಕ್ಷಣಕ್ಕೆ ಸರಿಯಾಗಿ ಮೂಲೆಯಲ್ಲಿ ಟ್ಯಾಂಕರಿನ ಹಾರ್ನು ಕೇಳಿಸಿತು. ಮರುಗಳಿಗೆಯಲ್ಲಿ ಬೀದಿಯ ಗೌರವವೆಲ್ಲ ಕರಗಿ, ಕ್ಯಾನಿಗೆ ಕೈಗಳು ಬಿದ್ದವು. ಶೀಬಾ ಯೂನಿಫಾರಮ್ಮಿನಲ್ಲೇ ನುಗ್ಗಿ ಒಂದು ಕ್ಯಾನು ಹಿಡಿದಳು. ಮುನಿರಾಜ್ ಬಕೆಟ್ಟು ತಬ್ಬಿಕೊಂಡು, ಟ್ಯಾಂಕರಿನ ಪೈಪಿಗೆ ಎಲ್ಲರಿಗಿಂತ ಮೊದಲು ಓಡಿದ. ಚಪ್ಪಲಿ ಒಂದು ಹಿಂದೆ ಬಿತ್ತು. ನೀರು ಚಿಮ್ಮಿ ತಲೆಯಿಂದ ಕಾಲಿನವರೆಗೆ ತೋಯ್ದು, ಬಾಯಿ ತೆರೆದು, ಆಕಾಶ ನೋಡಿ ನಗುತ್ತ ನಿಂತ. ಹೇಮಶ್ರೀ ಫೋನನ್ನು ಅತ್ತ ತಿರುಗಿಸಿ ಹಿಡಿದಿದ್ದಳು.

ಫೋನಿನಲ್ಲಿ ಲಂಕೆಯ ಹೆಂಗಸರು ಕಣ್ಣೊರೆಸಿಕೊಳ್ಳುವುದು ಕಾಣಿಸಿತು. ಒಬ್ಬ ಅಜ್ಜಿ ಜಗನ್‌ನನ್ನು ತಿವಿದು ಏನೋ ಕೇಳಿದಳು.

"ಬರಿಗಾಲಲ್ಲಿ ನಗ್ತಾ ನಿಂತವ್ನಲ್ಲ, ಅವನ ಜೀವನಕ್ಕೆ ಏನು ದಾರಿ ಅಂತ ಕೇಳ್ತಾವ್ಳೆ ಅಣ್ಣಾಚ್ಚಿ."

ಚಿಕ್ಕವೆಂಕಟಪ್ಪ ಮುನಿರಾಜನ ಕಡೆ ನೋಡಿದರು. ಅವನ ಹಿಂದೆ ಬಾಡಿಗೆಗೆ ಕೊಟ್ಟ ಅವನವೇ ಎರಡು ಬಿಲ್ಡಿಂಗುಗಳು ನಿಂತಿದ್ದವು. ಮೊದಲ ಬಾರಿಗೆ ಅವರು ಒಂದಕ್ಷರವೂ ಸುಳ್ಳು ಹೇಳಲಿಲ್ಲ.

"ಏನಿದೆಯಪ್ಪ ಅವನಿಗೆ, ಬಾಡಿಗೆ ಮನೆಗಳಷ್ಟೇ," ಅಂದರು. "ಕೆಲಸ ಇಲ್ಲ."

ಜಗನ್ ಅದನ್ನು ಸಿಂಹಳಕ್ಕೆ ತಿರುಗಿಸಿದ. ಫೋನಿನ ಆಚೆಯಿಂದ ಒಂದು ದೊಡ್ಡ 'ಅಯ್ಯೋ' ಬಂತು. ಪೈಪಿನ ಹತ್ತಿರ ನಿಂತಿದ್ದ ಮುನಿರಾಜನಿಗೂ ಅದು ಕೇಳಿಸಿತು.

"ಯಾಕಣ್ಣ, ಏನಂತೆ?" ಅಂತ ಅವನು ತುಂಬಿದ ಬಕೆಟ್ಟು ಹೊತ್ತುಕೊಂಡು ಬಂದ.

"ಏನಿಲ್ಲ ಮುನಿರಾಜ," ಅಂದರು ಚಿಕ್ಕವೆಂಕಟಪ್ಪ. "ಪಾಪ, ಬಾಡಿಗೆ ಮನೇಲಿ ಹೆಂಗಿರ್ತಾನೋ ಅಂತ. ನಿಂಗೆ ಅಂತಲೇ ಬೇರೆ ಚಪ್ಪಲಿ, ಬಟ್ಟೆ ಕಳಿಸ್ತಾರಂತೆ. ಅಳತೆ ಕೇಳ್ತಾವ್ರೆ."